ಹಲಸಿನೆಲೆಯ ಕೊಟ್ಟೆ

ಹಳದೀಪುರದ ಹೆದ್ದಾರಿಯಂಚಿನಲ್ಲಿ ನನ್ನದೊಂದು ತಿಂಡಿ ಹೋಟೆಲು. ಎದುರಿಗೇ ನನ್ನ ಓರಗಿತ್ತಿಯದು. ಹಲಸಿನೆಲೆ ಕೂಡಿಸಿ, ಕಡ್ಡಿ ಚುಚ್ಚಿ ಕೊಟ್ಟೆ ಕಟ್ಟುವುದನ್ನು ಅವಳು ಮದುವೆಯಾಗಿ ಬಂದ ಹೊಸತರಲ್ಲಿ ಕಲಿಸಿದವಳೇ ನಾನು. ಈಗ ನೋಡಿ, ಅದೇ ಕೊಟ್ಟೆಯಲ್ಲಿ ಕಡುಬು ಬೇಯಿಸಿ, ಬಾಳೆಲೆಯಲ್ಲಿ ಪಾರ್ಸೆಲ್ ಕಟ್ಟಿ ಅವಳು ಪರಿಸರಸ್ನೇಹಿಯಂತೆ! ಪಂಚಾಯ್ತಿಯವರು ಬಂದು ಫೋಟೊ ಹೊಡೆದುಕೊಂಡು ಹೋದರು. ತೊಳೆಯುವ ಕೆಲಸ ತಪ್ಪಲೆಂದು ಇಡ್ಲಿ ತಟ್ಟೆಗೆ ಪ್ಲಾಸ್ಟಿಕ್ ಹಾಳೆ ಹಾಕುತ್ತಿದ್ದ ನನಗೆ ಹೊಟ್ಟೆ ಉರಿದುಹೋಯಿತು.

ಮಹಿಳಾ ಸಂಘದ ವಾರ್ಷಿಕ ಸಭೆಯ ತಿಂಡಿ ಯಾವತ್ತೂ ನನ್ನದೇ. ಈ ಸಲ ಅಧ್ಯಕ್ಷೆ ಬಂದು, "ಪ್ಲಾಸ್ಟಿಕ್ ಬ್ಯಾಡ ಹೇಳಿ ಸಂಘದಲ್ಲಿ ತೀರ್ಮಾನ ಆಗಿದೆ. ನೀವಿಬ್ರೂ ನಾಳೆ ಕಡುಬು ಮಾಡಿ ತೋರ್ಸಿ, ಚಲೋ ಆದವ್ರಿಗೆ ಸಭೆ ತಿಂಡಿ" ಎಂದರು. ಆ ತಿಂಡಿ ಕೈತಪ್ಪಿದರೆ ಊರಿಗೆ ಊರೇ ಅವಳ ಹೋಟೆಲಿಗೆ ನಡೆಯುತ್ತದೆಂದು ನನಗೆ ಗೊತ್ತಿತ್ತು.

ಕೊಟ್ಟೆ ಕಟ್ಟಲು ಕೂತೆ. ತೆಂಗಿನಗರಿಯ ಕಡ್ಡಿ ಚೂಪು ಮಾಡಿ ಒಂದೊಂದೇ ಚುಚ್ಚುವ ತಾಳ್ಮೆ ಎಲ್ಲಿಂದ ಬರಬೇಕು? ಎದುರಿನ ಅಡುಗೆಮನೆಯಿಂದ ಅವಳ ನಗು ಬೇರೆ ಕೇಳುತ್ತಿತ್ತು. ಗಲ್ಲಾದ ಮೇಲಿದ್ದ ಸ್ಟೇಪ್ಲರ್ ತಂದು ಟಕಟಕ ಹೊಡೆದುಬಿಟ್ಟೆ.

ಮರುದಿನ ಅಧ್ಯಕ್ಷೆ ಮೊದಲ ತುತ್ತಿಗೇ ಬಾಯಿಂದ ಪಿನ್ನು ತೆಗೆದು ಅಂಗೈಯಲ್ಲಿಟ್ಟು ತೋರಿಸಿದರು.

"ಎಂತ ಮಾರಾಯ್ತಿ ಇದು?"

ಸಭೆಯ ತಿಂಡಿ ಓರಗಿತ್ತಿಯ ಪಾಲಾಯಿತು.

ಸಂಜೆ ಅವಳೇ ಬಂದಳು. "ಅಕ್ಕಾ, ಅಷ್ಟು ಕೊಟ್ಟೆ ನಂಗೆ ಒಬ್ಳಿಗೇ ಆಗೂದಿಲ್ಲ. ಕಟ್ಟೂಕೆ ಬರ್ತ್ರಾ?"

ಹೋಗೇ ಅತ್ಲಾಗೆ ಎನ್ನಬೇಕೆಂದಿದ್ದೆ. "ಆತು" ಎಂದುಬಿಟ್ಟೆ. ಅವಳ ಕೊಟ್ಟೆ ಸೋರಲಿ ಎಂಬ ಆಸೆಯೇನೋ ಇತ್ತು. ಆದರೆ ನನ್ನ ಕೈ ಎಂಥದೆಂದು ಊರಿಗೆ ತೋರಿಸುವ ಹಟ ಅದಕ್ಕಿಂತ ದೊಡ್ಡದಾಗಿತ್ತು. ಪಟ್ಟಾಗಿ ಕೂತು, ಒಂದು ಹನಿ ಹಿಟ್ಟೂ ಸೋರದ ಹಾಗೆ ಅಷ್ಟೂ ಕಟ್ಟಿಕೊಟ್ಟೆ.

ಸಭೆಯಲ್ಲಿ ಹೆಂಗಸರೆಲ್ಲ ಕೊಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಎಷ್ಟು ಚೆಂದ ಕಟ್ಟಿದ್ದಾಳೆ ಎಂದು ಅವಳನ್ನೇ ಹೊಗಳಿದರು. ಚಟ್ನಿ ಬಡಿಸುತ್ತಿದ್ದ ನಾನು ಹಲ್ಲು ಕಚ್ಚಿಕೊಂಡೆ. ಅಯ್ಯೋ, ಇದು ನನ್ನ ಕೈ ಕೆಲಸ ಕಣ್ರೇ ಎಂದು ಹೇಳಿಯೇಬಿಡಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ನನ್ನ ತೋಳು ಹಿಡಿದು ಮುಂದಕ್ಕೆಳೆದಳು.

"ನಂಗೆಂತಕ್ಕೆ ಹೇಳ್ತ್ರಿ? ಕಟ್ಟಿದ್ದೂ ಅಕ್ಕ, ನಂಗೆ ಕಲ್ಸಿದ್ದೂ ಅಕ್ಕ."

ಎಲ್ಲರೂ ಚಪ್ಪಾಳೆ ತಟ್ಟಿದರು.

"ಎಷ್ಟು ದೊಡ್ಡ ಮನಸ್ಸು ನೋಡಿ!" ಎಂದರು ಅಧ್ಯಕ್ಷೆ, ಅವಳ ಬೆನ್ನು ಸವರುತ್ತ.