ಮುಗಿಯದ ರೀಲು

ನಮ್ಮ ಬೀದಿಯ ವಾಚ್ ರಿಪೇರಿಯವನ ಹಳೆಯ ಕ್ಯಾಮೆರಾ ಸಾಕ್ಷಾತ್ ಅಕ್ಷಯಪಾತ್ರೆಯೆಂದು ಹೆಸರಾಗಿತ್ತು. ಮೂವತ್ತಾರು ಫೋಟೋದ ರೀಲಿನಲ್ಲಿ ಅವನು ನಲವತ್ತು ದಾಟಿಸಿದ್ದರೂ ಅದು ಸಾಕು ಎಂದಿರಲಿಲ್ಲ. ಬೀದಿಯ ಬೆಕ್ಕು, ಕ್ಷೌರದಂಗಡಿಯ ಕನ್ನಡಿ, ದರ್ಜಿಯ ಬೊಕ್ಕತಲೆ, ಎಲ್ಲವೂ ಅದರ ಹೊಟ್ಟೆ ಸೇರಿದ್ದವು. ಎಲ್ಲರಿಗಿಂತ ಮೊದಲು ಸೇರಿದವಳು ಅವನ ಅಕ್ಕ. ಆಸ್ಪತ್ರೆಯ ಔಷಧಿಗೆ ಕೂದಲು ಉದುರುತ್ತದೆಂದು ತಿಳಿದ ದಿನ, ಮಂಡಿ ಮುಟ್ಟುವ ಜಡೆಯನ್ನು ಮುಂದಕ್ಕೆ ಹಾಕಿಕೊಂಡು ಅವಳು ಮಹಾರಾಣಿಯಂತೆ ಕೂತಿದ್ದಳು.

ಈಗ ತಲೆಗೆ ಬಟ್ಟೆ ಸುತ್ತಿಕೊಂಡು ಅಂಗಡಿಗೇ ಬಂದಳು.

"ದರ್ಜಿಯಣ್ಣಂಗೂ ನಂಗೂ ಈಗ ಒಂದೇ ಬಾಚಣಿಗೆ ಸಾಕು. ನನ್ನ ಜಡೆ ಯಾವಾಗ ತೋರಿಸ್ತೀಯೋ ಮಹಾರಾಯ? ಅದು ಇತ್ತು ಅನ್ನೋದನ್ನ ನಾನೇ ನಂಬಬೇಕಲ್ಲ!"

"ಅವಸರ ಯಾಕಮ್ಮ? ಆ ಕ್ಯಾಮೆರಾ ಇನ್ನೂ ನೂರು ತೆಗಿಯುತ್ತೆ," ಎಂದ ದರ್ಜಿ, ಪಕ್ಕದ ಅಂಗಡಿಯಿಂದ.

ವಾಚಿನವನು ನಗಲಿಲ್ಲ. ಆ ನಲವತ್ತರ ಲೆಕ್ಕ ಅವನ ನಿದ್ದೆ ಕೆಡಿಸಿತ್ತು. ರೀಲು ಹಿಂದಕ್ಕೆ ಸುತ್ತುವ ಗುಂಡಿಯನ್ನು ತಿರುಗಿಸಿದ. ಅದು ಒಂದಿಷ್ಟೂ ಬಿಗಿಯಿಲ್ಲದೆ ಗಿರಗಿರನೆ ತಿರುಗಿತು. ಬೀದಿಯ ಅಕ್ಷಯಪಾತ್ರೆಯನ್ನು ಅವನು ಮೆಲ್ಲಗೆ ಮೇಜಿನ ಮೇಲಿಟ್ಟ.

"ಏನೋ ಅದು?" ಎಂದಳು ಅಕ್ಕ.

"ರೀಲಿನ ತುದಿ ಸರಿಯಾಗಿ ಸಿಕ್ಕಿಸಿರ್ಲಿಲ್ಲ ಅಕ್ಕ. ರೀಲು ಮುಂದಕ್ಕೆ ಓಡೇ ಇಲ್ಲ. ಒಂದು ಫೋಟೋನೂ ಬಂದಿಲ್ಲ."