ನೋರಾ ಹಿಡಿದ ಕೈ

ಬಾಂಗ್ಸಾರ್‌ನಿಂದ ಮರಳುವ ರೈಲಿನಲ್ಲಿ ಕೂತು ಬರೆಯುತ್ತಿದ್ದೇನೆ. ಹೊಟ್ಟೆಕಿಚ್ಚು ಇನ್ನೂ ಆರಿಲ್ಲ.

ನಾನು ಜೀವನಚರಿತ್ರೆ ಬರೆಯುತ್ತಿರುವ ಐರಿಷ್ ಜನಪದ ಗಾಯಕಿ ಈಗಿಲ್ಲ. ಅವರ ತಂಗಿಯ ಮಗಳು ನೋರಾ ಇಲ್ಲಿದ್ದಾರೆಂದು ತಿಳಿಸಿದವಳು ಮಂಗಳೂರು ಬಿಟ್ಟು ಬಂದು ಈ ಪರದೇಶದಲ್ಲಿ ನೆಲೆಸಿರುವ ಗೆಳತಿ ಲವೀನಾ. ನೋರಾ ಅವಳ ನೆರೆಮನೆಯವರು.

ಲವೀನಾಳೊಂದಿಗೆ ಹೋಗಿ ನೋರಾರನ್ನು ಕಂಡು, ಗಾಯಕಿ ಹುಟ್ಟಿದ ಊರು ಯಾವುದು, ಹಾಡು ಕಲಿಸಿದವರು ಯಾರು ಎಂದು ಒಂದೊಂದೇ ಕೇಳಿ ಖಚಿತಪಡಿಸಿಕೊಂಡೆ.

“ದೊಡ್ಡಮ್ಮ ಕಲಿತದ್ದು ತಮ್ಮ ಅಮ್ಮನಿಂದ ಅಲ್ಲ ಲಾ, ಅತ್ತೆಯಿಂದ,” ಎಂದು ನೋರಾ, ಇಲ್ಲಿಯವರಂತೆ ಮಾತಿಗೊಂದು ‘ಲಾ’ ಸೇರಿಸಿ, ನನ್ನ ತಪ್ಪು ತಿದ್ದಿದರು.

ನಡುವೆ ಲವೀನಾ, “ಮನೆಯಲ್ಲೂ ಹಾಡ್ತಿದ್ರಾ?” ಎಂದಳು, ಸುಮ್ಮನೆ.

ನೋರಾ ಚಹಾದ ಕಪ್ಪು ಕೆಳಗಿಟ್ಟರು. ಲವೀನಾಳ ಕೈ ಹಿಡಿದು, ಕಣ್ಣು ಮುಚ್ಚಿ, ದೊಡ್ಡಮ್ಮನ ಹಾಡೊಂದನ್ನು ಎತ್ತಿಕೊಂಡರು. ಹಾಡಿನುದ್ದಕ್ಕೂ ಇಬ್ಬರ ಕೈಗಳೂ ರಾಟೆಯಂತೆ ಮೆಲ್ಲಗೆ ಸುತ್ತುತ್ತಿದ್ದವು. ಅವರ ಊರಿನಲ್ಲಿ ಹಾಡು ಕೇಳುವವರು ಹಾಡುವವರ ಕೈಯನ್ನು ಹೀಗೆ ಹಿಡಿದು ತಿರುಗಿಸುತ್ತಾರಂತೆ. ಇಷ್ಟು ವರ್ಷ ಧ್ವನಿಮುದ್ರಿಕೆಗಳನ್ನಷ್ಟೇ ಕೇಳಿದ ನನಗೆ ಅದು ಗೊತ್ತೇ ಇರಲಿಲ್ಲ. ಒಂದು ಪದವೂ ಅರ್ಥವಾಗದ ಲವೀನಾ ಇನ್ನೊಂದು ಕೈಯಿಂದ ಕಣ್ಣೊರೆಸಿಕೊಂಡಳು. ನಾನು ಪೆನ್ನು ಹಿಡಿದು ಎದುರಿಗೆ ಕೂತಿದ್ದೆ.

ಸ್ಟೇಷನ್ನಿನವರೆಗೆ ಬಂದ ಲವೀನಾ ಕೇಳಿದಳು: “ನಿಂಗೆ ಬೇಕಾದ್ದೆಲ್ಲ ಸಿಕ್ಕಿತಲ್ಲ ಮಾರಾಯ್ತಿ?”

“ಸಿಕ್ತು,” ಎಂದೆ.

ಬೀಳ್ಕೊಡಲು ಅವಳು ಕೈ ಚಾಚಿದಳು. ಹಿಡಿಯಲು ಮನಸ್ಸಾಗದೆ, ಬ್ಯಾಗಿನಲ್ಲಿ ಟಿಕೆಟ್ ಹುಡುಕುವವಳಂತೆ ನಟಿಸಿದೆ.