ಅತ್ತೆಯ ಅಂಗಡಿಗೆ ಗೋಡೆ ಎಲ್ಲಿ?

ಹೊಸೂರಿನ ಹತ್ತಿರದ ಕೆಲಮಂಗಲದಲ್ಲಿ ನನ್ನ ಸೋದರತ್ತೆ ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ ನಡೆಸುತ್ತಾರೆ. ಹಳೇ ಶೀಟಿನ ಅಂಗಡಿ ಕೆಡವಿ, ಕೆಳಗೆ ಅಂಗಡಿ, ಮೇಲೆ ಮೂರು ಮಹಡಿ ಮನೆ ಕಟ್ಟಿಸಲು ಹೊರಟಾಗ ಅದರ ಲೆಕ್ಕಾಚಾರ ನನ್ನ ಪಾಲಿಗೆ ಬಂತು. ನಾನು ಹೊಸೂರಿನ ಚಿಕ್ಕ ಕಚೇರಿಯೊಂದರಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್. ಅದುವರೆಗೆ ಬೇರೆಯವರು ತೀರ್ಮಾನಿಸಿದ್ದಕ್ಕೆ ಲೆಕ್ಕ ಮಾಡಿಕೊಟ್ಟಿದ್ದೆನೇ ಹೊರತು ನಾನೇ ತೀರ್ಮಾನಿಸಿದ್ದಿಲ್ಲ.

ಭೂಮಿ ಅಲುಗಿದರೆ ಕಟ್ಟಡ ಪಕ್ಕಕ್ಕೆ ವಾಲದಂತೆ ಯಾವುದು ಹಿಡಿಯಬೇಕು? ಬರೀ ಕಂಬ, ತೊಲೆಗಳೇ? ಅಥವಾ ಬುನಾದಿಯಿಂದ ತಾರಸಿವರೆಗೆ ನಿಲ್ಲುವ ಕಾಂಕ್ರೀಟ್ ಗೋಡೆಯೂ ಬೇಕೇ? ಅಂಗಡಿಯ ಮುಂಭಾಗ ಪೂರ್ತಿ ತೆರೆದಿದ್ದರಿಂದ ಕೆಳಗಿನ ಅಂತಸ್ತೇ ದುರ್ಬಲವಾಗುತ್ತಿತ್ತು. ಗೋಡೆಯೇ ಸರಿ ಎಂದು ಹಿಂದುಗಡೆ ಒಂದನ್ನು ಇಟ್ಟೆ. ಕಂಪ್ಯೂಟರಿನಲ್ಲಿ ಅಲುಗಿಸಿ ನೋಡಿದರೆ ಕಟ್ಟಡ ಹಿಂದೆ ಗಟ್ಟಿಯಾಗಿ ನಿಂತು, ಮುಂದೆ ತಿರುಚಿಕೊಂಡಿತು. ಗೋಡೆ ತೆಗೆದೆ, ಕಂಬಗಳು ದಪ್ಪವಾಗಿ ಅಂಗಡಿಯನ್ನೇ ನುಂಗಿದವು. ಮತ್ತೆ ಇಟ್ಟೆ.

ಕಚೇರಿಯ ಹಿರಿಯರು, ಎರಡೂ ಸರಿಯೇ, ಜಾಗ ನೋಡಿಕೊಂಡು ನೀನೇ ಆರಿಸು ಎಂದು ತಮಿಳಿನಲ್ಲಿ ಹೇಳಿ ಸೈಟಿಗೆ ಹೊರಟುಬಿಟ್ಟರು. ನನಗೆ ಇನ್ನಷ್ಟು ಗೊಂದಲವಾಯಿತು.

ತಿರುಚುವುದನ್ನು ತಡೆಯಲು ಮುಂದುಗಡೆಯೂ ಗೋಡೆ ಬೇಕೆಂದು ಹೇಳಲು ಭಾನುವಾರ ಅಂಗಡಿಗೆ ಹೋದೆ. ಅತ್ತೆ ಕೈಗಂಟಿದ ವಾರ್ನಿಷ್ ಒರೆಸಿಕೊಳ್ಳುತ್ತಾ ಕೇಳಿಸಿಕೊಂಡರು.

“ಮುಂದ್ಕೆ ಗೋಡೆ ಕಟ್ಬುಟ್ರೆ ಟ್ರ್ಯಾಕ್ಟ್ರು ಒಳಕ್ಕೆ ಹೆಂಗ್ ಬತ್ತದೆ? ಮೋಟ್ರು ನಾನ್ ತಲೆ ಮೇಲ್ ಹೊತ್ಕಂಡ್ ಬರ್ಲಾ?”

ಈ ಕಡೆ ಮನೆ ಬೀಳುವಷ್ಟು ಭೂಮಿ ಅಲುಗಿದ್ದನ್ನು ಯಾರು ಕಂಡಿದ್ದಾರೆ ಎಂದೂ ಕೇಳಿದರು. ನಾನೂ ಕಂಡಿಲ್ಲ ಎಂದೆ. ನಾನೇ ಕಾಣದ್ದಕ್ಕೆ ಹೆದರಿ ಅವರ ಬಾಗಿಲು ಕಿರಿದು ಮಾಡುವುದು ಯಾವ ನ್ಯಾಯವೋ ತಿಳಿಯಲಿಲ್ಲ.

ನನ್ನ ಮುಖ ನೋಡಿ ಅತ್ತೆಗೆ ಏನನ್ನಿಸಿತೋ, ಎದ್ದು ಹೋಗಿ ಟ್ರ್ಯಾಕ್ಟರ್ ನುಗ್ಗುವಷ್ಟು ಅಗಲಕ್ಕೆ ಮಣ್ಣಿನಲ್ಲಿ ಕಾಲಿನಿಂದ ಗೆರೆ ಎಳೆದರು.

“ಇಷ್ಟು ಬಿಡಮ್ಮಿ. ಮಿಕ್ಕಿದ್ರಾಗೆ ಏನಾರ ಕಟ್ಕೊ.”

ಮುಂದಿನ ಎರಡು ಮೂಲೆಗಳಲ್ಲಿ ಒಂದೊಂದು ಕಿರಿದಾದ ಗೋಡೆಗೆ ಜಾಗ ಉಳಿಯಿತು. ತಿರುಚುವುದು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಉಳಿದದ್ದನ್ನು ಕಂಬಗಳು ತಾಳಿಕೊಳ್ಳಲೆಂದು ಅವುಗಳಿಗೆ ನಕ್ಷೆಯಲ್ಲಿ ಕಬ್ಬಿಣದ ರಿಂಗುಗಳನ್ನು ಒತ್ತೊತ್ತಾಗಿ ತೋರಿಸಿದೆ. ಹಿರಿಯರು ನೋಡಿ, ತಕರಾರಿಲ್ಲದೆ ಸಹಿ ಹಾಕಿದರು.

ಈಗ ಅತ್ತೆ ಮೊದಲ ಮಹಡಿಯಲ್ಲಿದ್ದಾರೆ. ಮೇಲೆ ಫ್ಯಾಕ್ಟರಿಗೆ ಹೋಗುವ ಎರಡು ಸಂಸಾರಗಳಿವೆ. ಹಬ್ಬಕ್ಕೆ ಹೋದಾಗ ಊಟ ಮುಗಿಸಿ ಅಲ್ಲೇ ಅಡ್ಡಾಗುತ್ತೇನೆ. ಗೋಡೆಯಿಲ್ಲದೆಯೂ ಆಗುತ್ತಿತ್ತೇನೋ ಅನ್ನಿಸುತ್ತದೆ. ಮಗ್ಗುಲು ಬದಲಿಸಿದರೆ, ಆ ಗೋಡೆಗಳಿಗೆ ಇನ್ನೊಂದಡಿ ಅಗಲ ಕೇಳಬೇಕಿತ್ತೇನೋ ಅನ್ನಿಸುತ್ತದೆ. ಅತ್ತೆ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿರುತ್ತಾರೆ.